ಈ ವರ್ಷ ಕಪ್ಪು-ಬಿಳುಪು

2001ರ ಅಕ್ಟೋಬರ್ 13, ಶನಿವಾರ, ಬೆಳಿಗ್ಗೆ 6 ಗಂಟೆ 40 ನಿಮಿಷ. ಕಾರ್ಕಳದಲ್ಲಿ ಅಣ್ಣನ ಮನೆಯ ಹಿಂದಿರುವ ಪಾದೆಕಲ್ಲಿನ ಮೇಲೆ ಟ್ರೈಪಾಡ್ ನಿಲ್ಲಿಸಿ ಮೊದಲ ಚಿತ್ರ ತೆಗೆದೆ. ಹೊತ್ತನ್ನೂ ಲೆನ್ಸಿನ ಮುಂದೆ ಹಳದಿ ಫಿಲ್ಟರ್ ಹಾಕಿದ್ದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅದರ ಕೆಳಗೆ ‘ಕಪ್ಪು-ಬಿಳುಪು’ ಎಂದು ಬರೆದು ಗೆರೆ ಎಳೆದೆ.

1989ರಿಂದ ಪ್ರತಿ ಅಕ್ಟೋಬರಿನಲ್ಲಿ ನಾನು ಇದೇ ಜಾಗಕ್ಕೆ ಬರುತ್ತೇನೆ. ಮಳೆ ಬಿಟ್ಟ ಮೇಲೆ ಎರಡೇ ವಾರ ಈ ನೋಟ ಸಿಗುವುದು. ಪಾದೆಯ ಸಂದುಗಳಲ್ಲಿ ಮುಳಿಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ, ಕೆಳಗಿನ ಗದ್ದೆಗಳಲ್ಲಿ ಪೈರು ಅರ್ಧ ಹಸಿರು ಅರ್ಧ ಹಳದಿ, ಮೇಲೆ ತೊಳೆದಿಟ್ಟಂಥ ಆಕಾಶ. ಹನ್ನೆರಡು ವರ್ಷ ಇದನ್ನು ಬಣ್ಣದ ಸ್ಲೈಡ್ ಫಿಲ್ಮಿನಲ್ಲೇ ತೆಗೆದಿದ್ದೆ. ಮಣಿಪಾಲದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವನು ನಾನು. ಬನ್ನಂಜೆಯ ನಮ್ಮ ಫೋಟೊ ಕ್ಲಬ್ಬಿನಲ್ಲಿ ಯಾರಾದರೂ ಕಪ್ಪು-ಬಿಳುಪನ್ನು ಹೊಗಳಿದರೆ, ಶರತ್ಕಾಲಕ್ಕೆ ಬಣ್ಣ ತೆಗೆದರೆ ಉಳಿಯುವುದು ಬೂದಿ ಮಾತ್ರ ಎಂದು ವಾದಿಸುತ್ತಿದ್ದೆ.

ಮನಸ್ಸು ಬದಲಾದದ್ದು ಆಗಸ್ಟಿನಲ್ಲಿ. ಮಳೆಗೆ ಹೊರಗೆ ಹೋಗುವಂತಿರಲಿಲ್ಲ. ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ ಪ್ರೊಜೆಕ್ಟರಿನಲ್ಲಿ ಹಳೆಯ ಸ್ಲೈಡುಗಳನ್ನು ಒಂದೊಂದಾಗಿ ನೋಡತೊಡಗಿದೆ. ಎಲ್ಲವೂ ಹಳದಿಯಾಗಿದ್ದವು. ಆಕಾಶದಲ್ಲಿ ನೀಲಿ ಉಳಿದಿರಲಿಲ್ಲ. 1989ರ ಸ್ಲೈಡಿನಲ್ಲಿ ಗದ್ದೆಯ ಬದುವಿನ ಮೇಲೆ ನಿಂತಿದ್ದ ಅಣ್ಣ ಪಾಸ್ಕಲನ ಅಂಗಿ ಚಹಾ ಚೆಲ್ಲಿದ ಹಾಗೆ ಕಾಣುತ್ತಿತ್ತು.

“ಬಣ್ಣ ಹಾರಿಹೋಗಿದೆ,” ಎಂದೆ. “ಫಿಲ್ಮಿನ ಬಣ್ಣಗಳು ರಾಸಾಯನಿಕ. ನಮ್ಮ ಊರಿನ ತೇವಕ್ಕೆ ಉಳಿಯುವುದಿಲ್ಲ.”

ಹೆಂಡತಿ ಝೀಟಾ ಶಾಲೆಯ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದವಳು ತಲೆಯೆತ್ತಿ ನೋಡಿದಳು. “ಎಲ್ಲಿ ಹಾರಿದೆ? ಪಾಸ್ಕಲಣ್ಣನ ಅಂಗಿ ಬಿಳಿಯೇ ಉಂಟಲ್ಲ.”

“ನಿನ್ನ ಕಣ್ಣಿಗೆ ಅಭ್ಯಾಸ ಇಲ್ಲ.”

“ಬಿಳಿ ಯಾವುದು ಅಂತ ನೋಡಲಿಕ್ಕೆ ಸಹ ಎಮ್ಮೆಸ್ಸಿ ಆಗಬೇಕಾ?”

ನಾನು ನಕ್ಕು ಮುಂದಿನ ಸ್ಲೈಡ್ ಹಾಕಿದೆ. ಮರುದಿನವೇ ಕಾರಣಗಳನ್ನು ಕ್ರಮವಾಗಿ ಬರೆದಿಟ್ಟೆ. ಬಣ್ಣದ ಚಿತ್ರ ಮಾಸುತ್ತದೆ. ಕಪ್ಪು-ಬಿಳುಪಿನ ಚಿತ್ರ ಬೆಳ್ಳಿಯ ಕಣಗಳಿಂದ ಆದದ್ದು, ನೂರು ವರ್ಷ ನಿಲ್ಲುತ್ತದೆ. ಕ್ಲಬ್ಬಿನ ನವೆಂಬರ್ ಪ್ರದರ್ಶನಕ್ಕೆ ಪ್ರತಿಯೊಬ್ಬರೂ ಒಂದೇ ವಿಭಾಗಕ್ಕೆ ಹೆಸರು ಕೊಡಬೇಕು, ಬಣ್ಣ ಅಥವಾ ಕಪ್ಪು-ಬಿಳುಪು. ಅಕ್ಟೋಬರ್ 31 ಕೊನೆಯ ದಿನ. ಈ ಸಲ ಕಪ್ಪು-ಬಿಳುಪೇ ಎಂದು ತೀರ್ಮಾನಿಸಿದೆ. ತರ್ಕದಲ್ಲಿ ಎಲ್ಲಿಯೂ ತಪ್ಪು ಕಾಣಲಿಲ್ಲ.

ಪಾದೆಯಿಂದ ಇಳಿದು ಎಂಟು ಗಂಟೆಗೆ ಅಣ್ಣನ ಮನೆಗೆ ಹೋದೆ. ಪಾಸ್ಕಲನಿಗೆ ಅರವತ್ತೆರಡು, ನನಗಿಂತ ಎಂಟು ವರ್ಷ ಹಿರಿಯ. ಕಣ್ಣಿನೊಳಗಿನ ಒತ್ತಡ ಏರಿ ಅವನ ದೃಷ್ಟಿ ಹೋಗಿ ಒಂಬತ್ತು ವರ್ಷವಾಗಿತ್ತು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಕಣ್ಣಿನ ನರ ಬಹುಪಾಲು ಸತ್ತಿತ್ತು. ಅಳತೆ ಮಾಡಿದಾಗ ಒತ್ತಡ 44 ಇತ್ತು, ಇಪ್ಪತ್ತೊಂದರೊಳಗೆ ಇರಬೇಕಾದದ್ದು. ಇದು ಮನೆತನದಲ್ಲಿ ಬರುವಂಥದ್ದು, ಒಡಹುಟ್ಟಿದವರೆಲ್ಲ ವರ್ಷಕ್ಕೊಮ್ಮೆ ಅಳತೆ ಮಾಡಿಸಿಕೊಳ್ಳಿ ಎಂದು ಆ ದಿನ ಡಾಕ್ಟರು ನನ್ನ ಮುಖ ನೋಡಿಯೇ ಹೇಳಿದ್ದರು. ಪ್ರತಿ ಚಿತ್ರದ ಹೊತ್ತು, ಬೆಳಕು ಎಲ್ಲವನ್ನೂ ಅಳೆದು ಬರೆಯುವ ನಾನು ಅದೊಂದು ಅಳತೆಗೆ ಒಂದು ದಿನವೂ ಹೋಗಿರಲಿಲ್ಲ.

ಅಣ್ಣನ ಮಗಳು ಟೀನಾ ಒಳಗಿನ ಕೋಣೆಯಲ್ಲಿ ನೀರುದೋಸೆ ಬಡಿಸಿದಳು. ಕಿಟಕಿ ಚಿಕ್ಕದು, ಹಗಲಲ್ಲೂ ದೀಪ ಹಾಕಬೇಕು.

“ಎಷ್ಟು ಚಿತ್ರ ಆಯ್ತು?” ಪಾಸ್ಕಲ ಕೇಳಿದ.

“ಹದಿನಾಲ್ಕು.”

“ಹೇಳು ಹಾಗಾದರೆ.”

ಇದು ನಮ್ಮಿಬ್ಬರ ನಡುವಿನ ಪದ್ಧತಿ. ಅವನ ಕಣ್ಣು ಹೋದ ಮೇಲೆ ಪ್ರತಿ ವರ್ಷ ಚಿತ್ರ ತೆಗೆದು ಬಂದು ದೋಸೆ ತಿನ್ನುತ್ತಾ ಬಣ್ಣ ಹೇಳಬೇಕು. ಸುಮ್ಮನೆ ಹಳದಿ ಎಂದರೆ ಒಪ್ಪುವವನಲ್ಲ. ಹಲಸಿನ ತೊಳೆಯ ಹಳದಿಯೋ ಹಣ್ಣಡಿಕೆಯ ಹಳದಿಯೋ ಎಂದು ಕೇಳುತ್ತಾನೆ.

“ಈ ವರ್ಷ ಕಪ್ಪು-ಬಿಳುಪು,” ಎಂದೆ. “ಬಣ್ಣದ ಫಿಲ್ಮ್ ಉಳಿಯುವುದಿಲ್ಲ. ಹಳೆಯದೆಲ್ಲ ಹಳದಿಯಾಗಿದೆ.”

“ಫಿಲ್ಮ್ ಕಪ್ಪು-ಬಿಳುಪು. ಗುಡ್ಡ ಸಹ ಕಪ್ಪು-ಬಿಳುಪಾ? ನೀನು ನೋಡಿದ್ದನ್ನು ಹೇಳು ಮಾರಾಯ.”

ಹೇಳಲು ಹೊರಟೆ. ಹುಲ್ಲು ಹಳದಿ. ಗದ್ದೆಯೂ ಹಳದಿ. ಆಕಾಶವನ್ನು ನೆನಪಿಸಿಕೊಂಡರೆ ನೀಲಿ ಎಂದು ಗೊತ್ತಿತ್ತೇ ಹೊರತು, ಅದನ್ನು ಕಂಡದ್ದು ನೆನಪಾಗಲಿಲ್ಲ. ಮಾತು ತಿರುಗಿಸಲು ತಲೆಯ ಮೇಲಿನ ದೀಪ ಸಿಕ್ಕಿತು.

“ಇಲ್ಲಿ ವೋಲ್ಟೇಜ್ ತೀರಾ ಕಡಿಮೆ ಉಂಟು. ಬಲ್ಬಿನ ಸುತ್ತ ಮಂಜು ಕಟ್ಟಿದ ಹಾಗೆ ಕಾಣುತ್ತದೆ.”

“ನಿನ್ನೆ ಹಾಕಿದ ನೂರು ಕ್ಯಾಂಡಲಿನ ಬಲ್ಬು, ಬಾಪ್ಪು,” ಎಂದಳು ಟೀನಾ. ಚಿಕ್ಕಪ್ಪನಾದ ನನ್ನನ್ನು ಅವಳು ಕರೆಯುವುದು ಬಾಪ್ಪು ಎಂದು. “ಕಣ್ಣು ಕುಕ್ಕುತ್ತದೆ ಅಂತ ನಾನೇ ಆ ಕಡೆ ತಿರುಗಿ ಕೂತಿದ್ದೇನೆ.”

ಪಾಸ್ಕಲ ದೋಸೆ ಮುರಿಯುತ್ತಿದ್ದ ಕೈ ನಿಲ್ಲಿಸಿದ. ಏನೋ ಕೇಳುತ್ತಾನೆ ಎಂದುಕೊಂಡೆ. ಇನ್ನೊಂದು ದೋಸೆ ಹಾಕು ಎಂದು ಟೀನಾಳಿಗೆ ಹೇಳಿದ.

ಭಾನುವಾರ ಬಚ್ಚಲುಮನೆಯ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಫಿಲ್ಮ್ ತೊಳೆದೆ. ಸೋಮವಾರ ಪ್ರಿಂಟ್ ಹಾಕಿದೆ. ಐದನೆಯ ಚಿತ್ರದ ಎಡ ಅಂಚಿನಲ್ಲಿ ಒಂದು ಎಮ್ಮೆಯ ಹಿಂಭಾಗ ಇತ್ತು. ಬಾಲ, ಒಂದು ಕಾಲು, ಅರ್ಧ ಸೊಂಟ. ಚಿತ್ರ ತೆಗೆಯುವಾಗ ಆ ಎಮ್ಮೆಯನ್ನು ನಾನು ನೋಡಿರಲೇ ಇಲ್ಲ.

“ಚೆಂದ ಬಂದಿದೆ,” ಎಂದಳು ಝೀಟಾ. “ಎಮ್ಮೆಗೆ ಮಾತ್ರ ನಾಚಿಕೆ.”

ನನಗೆ ನಗು ಬರಲಿಲ್ಲ. ಅಣ್ಣನಿಗೆ ಮೊದಲು ಹೋದದ್ದು ಬದಿಯ ನೋಟ. ಬಾಗಿಲಿನ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದ, ಪಕ್ಕದಲ್ಲಿ ನಿಂತವರಿಗೆ ಢಿಕ್ಕಿ ಹೊಡೆಯುತ್ತಿದ್ದ. ಕುಡಿದಿದ್ದಾನೆ ಎಂದು ಊರಿನವರು ಆಡಿಕೊಂಡಿದ್ದರು. ಆದರೂ ನಾನು ಆ ದಿಕ್ಕಿಗೆ ಯೋಚನೆಯನ್ನು ಬಿಡಲಿಲ್ಲ. ಪ್ರಿಂಟ್ ಕೂಡ ನನಗೆ ಸ್ವಲ್ಪ ಮಸುಕಾಗಿ ಕಂಡಿತ್ತು. ಅದಕ್ಕೆ ನಮ್ಮ ಕರಾವಳಿಯಲ್ಲಿ ಸಿದ್ಧ ಉತ್ತರ ಒಂದಿದೆ: ಫಂಗಸ್. ಮಳೆಗಾಲದಲ್ಲಿ ಲೆನ್ಸಿನ ಗಾಜುಗಳ ನಡುವೆ ಜೇಡನ ಬಲೆಯಂಥ ಬೂಷ್ಟು ಬೆಳೆಯುತ್ತದೆ. ಅದಕ್ಕೆ ಹೆದರಿ ಕ್ಯಾಮೆರಾಗಳನ್ನು ಹದಿನೈದು ವ್ಯಾಟಿನ ಬಲ್ಬು ಉರಿಯುವ ಕಪಾಟಿನಲ್ಲಿ ಇಡುವವರು ನಾವು. ಈ ವರ್ಷ ಆ ಬಲ್ಬು ಯಾವಾಗಲೋ ಕೆಟ್ಟು, ಹಾಗೆಯೇ ಇತ್ತೆಂದು ನೆನಪಾಯಿತು. ನೆನಪಾದದ್ದೇ ಎಷ್ಟು ಸಮಾಧಾನವಾಯಿತೆಂದರೆ, ಗುರುವಾರ ಮಧ್ಯಾಹ್ನದ ತರಗತಿ ಮುಗಿದ ಕೂಡಲೇ ಲೆನ್ಸ್ ತೆಗೆದುಕೊಂಡು ಕಡಿಯಾಳಿಗೆ ಹೋದೆ.

ಅಲ್ಲಿ ಕಿಟ್ಟನ ಅಂಗಡಿ. ಕ್ಯಾಮೆರಾ ರಿಪೇರಿ ಅವನ ಕೆಲಸ, ಕ್ಲಬ್ಬಿನ ಸದಸ್ಯ ಕೂಡ.

“ಬಣ್ಣ ಬಿಟ್ಟಿರಂತೆ ಲಿಯೋನೆಲ್ ಸರ್?” ನೋಡಿದ ಕೂಡಲೇ ಶುರುಮಾಡಿದ. “ಲಿಯೋನೆಲ್ ಸರ್ ಇನ್ನು ಮೀನು ಬಿಟ್ಟರು ಅಂತ ಸಹ ಕೇಳಬೇಕೋ ಏನೋ.”

“ನಿನ್ನ ಬಾಯಿ ಸಾಕು. ಇದರ ಒಳಗೆ ಫಂಗಸ್ ಆಗಿದೆ, ನೋಡು.”

ಅವನು ಲೆನ್ಸಿನ ಹಿಂದೆ ಟಾರ್ಚ್ ಹಿಡಿದು ತಿರುಗಿಸಿ ನೋಡಿದ. ಭೂತಗನ್ನಡಿ ಹಾಕಿಕೊಂಡು ಮತ್ತೆ ನೋಡಿದ. ನಾನು ಒತ್ತಾಯಿಸಿದ ಮೇಲೆ ಮುಂದಿನ ಉಂಗುರ ಬಿಚ್ಚಿ, ಗಾಜನ್ನು ಹೊರಗೆ ತೆಗೆದು, ಬಿಳಿ ಕಾಗದದ ಮೇಲೆ ಇಟ್ಟ.

“ಎಂತದೂ ಇಲ್ಲ. ಉಡುಪಿಯಲ್ಲಿ ಇಷ್ಟು ಕ್ಲೀನ್ ಲೆನ್ಸ್ ನಾನು ಈ ವರ್ಷ ನೋಡಲಿಲ್ಲ.”

“ಸರಿಯಾಗಿ ನೋಡು ಮಾರಾಯ. ಹಳದಿಯಾಗಿಲ್ಲವಾ? ಆ ಕಾಗದವೂ ಹಳದಿ ಕಾಣುತ್ತದಲ್ಲ, ಗಾಜಿನ ಅಡಿಯಲ್ಲಿ?”

ಕಿಟ್ಟ ಕಾಗದ ನೋಡಿದ, ಆಮೇಲೆ ನನ್ನನ್ನು ನೋಡಿದ. ತಮಾಷೆ ನಿಲ್ಲಿಸಿ, ಗಾಜನ್ನು ಮೆಲ್ಲಗೆ ಬದಿಗೆ ಸರಿಸಿದ.

“ಈಗ ಗಾಜಿಲ್ಲ. ಈಗ ಹೇಗೆ ಕಾಣುತ್ತದೆ ಸರ್?”

ಕಾಗದ ಹಾಗೆಯೇ ಇತ್ತು.

ಮನೆಗೆ ಹೋಗುವ ಬದಲು ಸ್ಕೂಟರನ್ನು ಕಾಪುವಿಗೆ ತಿರುಗಿಸಿದೆ. ಪರೀಕ್ಷೆ ಮಾಡುವುದಿದ್ದರೆ ಸರಿಯಾಗಿ ಮಾಡಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಕಾಪುವಿನ ದೀಪಸ್ತಂಭಕ್ಕೆ ಕಪ್ಪು ಬಿಳಿ ಪಟ್ಟೆಗಳಿವೆ. ಲೆನ್ಸಿನ ಹರಿತ ನೋಡಲು ಹಿಂದೆಲ್ಲ ನಾನು ಅದರ ಚಿತ್ರ ತೆಗೆಯುತ್ತಿದ್ದೆ. ಮರಳಿನಲ್ಲಿ ಇನ್ನೂರು ಹೆಜ್ಜೆ ಎಣಿಸಿ ನಿಂತೆ. ಐದು ಗಂಟೆಯ ಬಿಸಿಲು ಸ್ತಂಭದ ಮೇಲೆ ನೇರ ಬಿದ್ದಿತ್ತು. ಕ್ಯಾಮೆರಾ ಇರಲಿಲ್ಲ. ಬಲಗಣ್ಣನ್ನು ಅಂಗೈಯಿಂದ ಮುಚ್ಚಿದೆ. ಎಡಗಣ್ಣಿಗೆ ಬಿಳಿ ಪಟ್ಟೆ ಹೆಚ್ಚುಕಡಿಮೆ ಬಿಳಿಯಾಗಿಯೇ ಕಂಡಿತು. ಕೈ ಬದಲಿಸಿದೆ. ಬಲಗಣ್ಣಿಗೆ ಅದೇ ಪಟ್ಟೆ ಹಳೆಯ ಪುಸ್ತಕದ ಹಾಳೆಯ ಬಣ್ಣಕ್ಕಿತ್ತು. ಪಟ್ಟೆಗಳ ಅಂಚು ಕರಗಿತ್ತು. ಪಕ್ಕದ ಸಮುದ್ರ ಕೆಸರು ನೀರಾಗಿತ್ತು.

ಐದು ಸಲ ಕೈ ಬದಲಿಸಿದೆ. ಐದು ಸಲವೂ ಅದೇ ಫಲಿತಾಂಶ.

ಫಿಲ್ಮ್ ಹಾಳಾಗಿರಲಿಲ್ಲ. ಲೆನ್ಸ್ ಹಾಳಾಗಿರಲಿಲ್ಲ. ಬಲಗಣ್ಣು ನಾನು ಕ್ಯಾಮೆರಾಕ್ಕೆ ಇಡುವ ಕಣ್ಣು, ಎರಡೂ ತೆರೆದಿದ್ದಾಗಲೂ ನಾನು ಹೆಚ್ಚು ನೆಚ್ಚುವ ಕಣ್ಣು. ಮರಳಿನ ಮೇಲೆ ಕೂತುಬಿಟ್ಟೆ. ಅಣ್ಣ ಟೀನಾಳ ಭುಜ ಹಿಡಿದು ಬಾವಿಕಟ್ಟೆಯವರೆಗೆ ನಡೆಯುವುದು ಕಣ್ಣ ಮುಂದೆ ಬಂತು. ಝೀಟಾಳ ಭುಜ ಟೀನಾಳದಷ್ಟು ಎತ್ತರ ಇಲ್ಲ ಎಂಬ ಲೆಕ್ಕವನ್ನೂ ಮನಸ್ಸು ಆಗಲೇ ಹಾಕಿತು.

ಕತ್ತಲಾಗುವ ಮೊದಲೇ ಮನೆ ತಲುಪಿದೆ. ಝೀಟಾ ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು.

“ಪಾಸ್ಕಲಣ್ಣ ಫೋನ್ ಮಾಡಿದ್ದರು,” ಎಂದಳು. “ಅವರ ಮನೆಯಲ್ಲಿ ವೋಲ್ಟೇಜ್ ಕಡಿಮೆ ಅಂತ ಹೇಳಿದಿರಂತೆ.”

“ಹೌದು.”

“ಕಣ್ಣು ಹೋಗುವ ಮೊದಲು ಅವರೂ ಹಾಗೇ ಹೇಳುತ್ತಿದ್ದರಂತೆ. ಲೈನ್‌ಮ್ಯಾನನನ್ನು ಮೂರು ಸಲ ಕರೆಸಿ ಜಗಳ ಮಾಡಿದ್ದರಂತೆ. ಕಡೆಗೆ ಲೈನ್‌ಮ್ಯಾನನೇ, ‘ಪೊರ್ಬುಗಳೇ, ಕರೆಂಟು ಸರಿ ಉಂಟು, ನೀವೊಮ್ಮೆ ಡಾಕ್ಟರನ್ನು ನೋಡಿ’ ಅಂದನಂತೆ.” ಅವಳು ಕುರ್ಚಿಯಿಂದ ಎದ್ದಳು. “ಅಂಗಿ ಬಿಳಿ ಉಂಟು ಅಂತ ನಾನು ಆಗಸ್ಟಿನಲ್ಲೇ ಹೇಳಲಿಲ್ಲವಾ?”

ಹೇಳಿದ್ದಳು. ನಾನು ಕಿಟ್ಟನ ಅಂಗಡಿಯಿಂದ ಕಾಪುವಿನವರೆಗೆ ಎಲ್ಲವನ್ನೂ ಹೇಳಿದೆ, ಎಮ್ಮೆಯನ್ನೂ ಸೇರಿಸಿ. ಅವಳು ಬೈಯಲಿಲ್ಲ. ಶುಕ್ರವಾರ ಮಧ್ಯಾಹ್ನ ಆಸ್ಪತ್ರೆಗೆ ಹೋಗಿ ಶನಿವಾರಕ್ಕೆ ಚೀಟಿ ಮಾಡಿಸಿಕೊಂಡು ಬಂದಳು.

ಶನಿವಾರ ಒಂಬತ್ತು ಗಂಟೆಗೆ ನಾವು ಮಣಿಪಾಲದ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋದರೆ, ಬೆಂಚಿನ ಮೇಲೆ ಪಾಸ್ಕಲ ಕೂತಿದ್ದ. ಪಕ್ಕದಲ್ಲಿ ಟೀನಾ. ಝೀಟಾ ಫೋನಿನಲ್ಲಿ ದಿನ ತಿಳಿಸಿದ್ದಳಂತೆ, ಕಾರ್ಕಳದಿಂದ ಮೊದಲ ಬಸ್ಸಿಗೆ ಬಂದಿದ್ದರು.

“ನೀನು ಯಾಕೆ ಬಂದದ್ದು?” ಎಂದೆ.

“ನೀನು ಬಾಗಿಲಿನವರೆಗೆ ಬಂದು ಓಡಿದರೆ ಹಿಡಿಯಲಿಕ್ಕೆ.”

“ಕಣ್ಣು ಕಾಣದವನು ಹೇಗೆ ಹಿಡಿಯುತ್ತೀ?”

“ನಿನ್ನ ಚಪ್ಪಲಿಯ ಸದ್ದು ನನಗೆ ಗೊತ್ತುಂಟು. ಕೂತುಕೋ.”

ಒಳಗೆ ಡಾಕ್ಟರ್ ರಾಜಶ್ರೀ ಎಂಬ ಚಿಕ್ಕ ವಯಸ್ಸಿನವರು ಇದ್ದರು. ಬಿಜಾಪುರದ ಕಡೆಯವರೆಂದು ಮೊದಲ ಮಾತಿನಲ್ಲೇ ತಿಳಿಯಿತು. ಗೋಡೆಯ ಅಕ್ಷರಗಳನ್ನು ಓದಿಸಿದರು. ಎಡಗಣ್ಣಿನಿಂದ ಕೊನೆಯ ಸಾಲಿನ ಹತ್ತಿರ ಹೋದೆ. ಬಲಗಣ್ಣು ನಡುವಿನ ಸಾಲಿನಲ್ಲಿ ನಿಂತುಬಿಟ್ಟಿತು. ಮನೆಯಲ್ಲಿ ಯಾರಿಗಾದರೂ ಕಣ್ಣಿನ ಒತ್ತಡ ಇದೆಯೇ ಎಂದು ಕೇಳಿದರು. ಅಣ್ಣನಿಗೆ, 44, ಒಂಬತ್ತು ವರ್ಷದ ಹಿಂದೆ ಎಂದೆ.

“ಒಂಬತ್ತು ವರ್ಷದಾಗ ನೀವು ಎಷ್ಟ್ ಸಲ ತೋರಿಸ್ಕೊಂಡ್ರಿ?”

“ಒಮ್ಮೆಯೂ ಇಲ್ಲ.”

“ಮಾಸ್ತರ್ರು ಅಂತೀರಿ, ಏನ್ ಕಲಿಸ್ತೀರಿ?”

“ಭೌತಶಾಸ್ತ್ರ. ಒತ್ತಡದ ಪಾಠವೂ ಉಂಟು.”

ಅವರು ನಗಲಿಲ್ಲ. “ಗದ್ದ ಇಲ್ಲಿ ಇಡ್ರಿ. ಕಣ್ಣು ಮುಚ್ಚಬ್ಯಾಡ್ರಿ.”

ಮರಗಟ್ಟಿಸುವ ಒಂದು ಹನಿ ಹಾಕಿ, ಯಂತ್ರದ ತುದಿಯನ್ನು ನಿಧಾನವಾಗಿ ಕಣ್ಣಿಗೆ ತಾಗಿಸಿದರು. ಅದರಿಂದ ಬಂದದ್ದು ನೀಲಿ ಬೆಳಕು. ಎಡಗಣ್ಣಿಗೆ ಅದು ಎಷ್ಟು ನೀಲಿಯಾಗಿತ್ತೆಂದರೆ, ಇಂಥ ಬಣ್ಣ ಇದೆ ಎಂಬುದನ್ನೇ ನಾನು ಮರೆತಿದ್ದೆ. ಬಲಗಣ್ಣಿಗೆ ಬೂದು ಬಣ್ಣದ ಒಂದು ವೃತ್ತ. ಡಾಕ್ಟರು ಒಂದು ಸಣ್ಣ ಚಕ್ರ ತಿರುಗಿಸಿದರು, ನಿಲ್ಲಿಸಿದರು, ಕಾರ್ಡಿನಲ್ಲಿ ಏನೋ ಬರೆದರು. ನಾನು ತಲೆಕೆಳಗಾಗಿ ಓದಲು ನೋಡಿದೆ. ಅವರು ಕಾರ್ಡನ್ನು ಮಗುಚಿಟ್ಟರು.

“ನಂಬರ್ ಒಂದ ನೋಡಿ ಹೇಳೂದಲ್ಲ. ನರ ನೋಡ್ಬೇಕು. ಪಾಪೆ ದೊಡ್ಡದಾಗೂ ಹನಿ ಹಾಕ್ತೀನಿ, ಅರ್ಧ ತಾಸು ಹೊರಗ ಕೂಡ್ರಿ.”

ಅರ್ಧ ಗಂಟೆ ಬೆಂಚಿನ ಮೇಲೆ ಕಣ್ಣು ಮುಚ್ಚಿಕೊಂಡು ಕೂತೆವು, ನಾನೂ ಅಣ್ಣನೂ. ಅವನು ನನ್ನ ಮೊಣಕೈ ಹಿಡಿದುಕೊಂಡಿದ್ದ.

“ನನ್ನದು ನೋಡುವಾಗ ಸಹ ಹೀಗೇ ಕೂರಿಸಿದ್ದರು,” ಎಂದ. “ಅವತ್ತು ನೀನು ನನ್ನ ಪಕ್ಕದಲ್ಲಿ ಕೂತು ಪೇಪರ್ ಓದಿದ್ದೆ. ಸಿಟ್ಟು ಬಂದಿತ್ತು.”

“ನಾನು ಓದಲಿಲ್ಲ. ಹಿಡಿದುಕೊಂಡಿದ್ದೆ, ಅಷ್ಟೆ.”

“ಹಾಗಾ?” ಎಂದ. “ಒಂಬತ್ತು ವರ್ಷ ಮೊದಲೇ ಹೇಳಬಹುದಿತ್ತಲ್ಲ ಮಾರಾಯ.”

ಮತ್ತೆ ಒಳಗೆ ಕರೆದಾಗ ಝೀಟಾಳೂ ಜೊತೆಗೆ ಬಂದಳು. ಈ ಸಲ ಬೆಳಕು ಸಹಿಸಲಾರದಷ್ಟು ಪ್ರಖರವಾಗಿತ್ತು. ಮೇಲೆ ನೋಡ್ರಿ, ಕೆಳಗ ನೋಡ್ರಿ, ನನ್ನ ಕಿವಿ ನೋಡ್ರಿ. ಒಂದೊಂದು ಕಣ್ಣಿಗೆ ಎರಡೆರಡು ಸಲ. ಕೊನೆಗೆ ಎರಡೂ ಬದಿಯಲ್ಲಿ ಬೆರಳು ಆಡಿಸಿ ಎಷ್ಟೆಂದು ಕೇಳಿದರು. ಎಲ್ಲವನ್ನೂ ಸರಿಯಾಗಿ ಎಣಿಸಿದೆ. ಡಾಕ್ಟರು ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು.

“ನರ ಚಲೋ ಐತಿ. ಎರಡೂ ಕಣ್ಣಾಗ. ಒತ್ತಡಾನೂ ನಾರ್ಮಲ್. ನಿಮ್ಮಣ್ಣನ ರೋಗ ನಿಮಗ ಬಂದಿಲ್ರಿ.”

ನನ್ನ ಗದ್ದ ಇನ್ನೂ ಯಂತ್ರದ ಮೇಲೆಯೇ ಇತ್ತು.

“ಬಲಗಣ್ಣಾಗ ಪೊರೆ ಬಂದೈತಿ. ಮೋತಿಬಿಂದು. ಎಡಗಣ್ಣಾಗ ಈಗ ಶುರು. ಒಳಗಿನ ಲೆನ್ಸ್ ಹಳದಿ ಆಗೈತಿ, ಅದಕ್ಕ ನಿಮಗ ನೀಲಿ ಕಾಣವಲ್ದು. ಡಿಸೆಂಬರ್ ರಜೆಯಾಗ ಬರ್ರಿ, ತೆಗೆದು ಬ್ಯಾರೆ ಲೆನ್ಸ್ ಹಾಕೋಣು.”

“ಹಳದಿ ಫಿಲ್ಟರ್,” ಎಂದೆ.

“ಏನ್ರಿ?”

“ಕಪ್ಪು-ಬಿಳುಪು ಚಿತ್ರ ತೆಗೆಯುವಾಗ ಲೆನ್ಸಿನ ಮುಂದೆ ಹಳದಿ ಗಾಜು ಹಾಕುತ್ತೇವೆ, ಆಕಾಶದ ನೀಲಿ ತಡೆಯಲು. ನನ್ನ ಕಣ್ಣಿನೊಳಗೇ ಒಂದಿತ್ತು.”

“ನೀವು ದುಡ್ಡು ಕೊಟ್ಟು ತಂದ್ರಿ, ನಿಮ್ಮ ಕಣ್ಣು ಪುಕ್ಕಟ್ಟೆ ಕೊಡ್ತು,” ಎಂದು ಅವರು ಮೊದಲ ಸಲ ನಕ್ಕರು. “ಆದ್ರ ಇನ್ಮ್ಯಾಲೆ ವರ್ಷಕ್ಕೊಮ್ಮೆ ಒತ್ತಡ ನೋಡಿಸ್ಕೋಬೇಕು. ಇಲ್ಲಂದ್ರ ನಿಮ್ಮಣ್ಣಗ ಹೇಳ್ತೀನಿ.”

ಬಾಗಿಲಿಗೆ ಬರುವಾಗ ಎಮ್ಮೆಯ ನೆನಪಾಯಿತು, ಜೊತೆಗೇ ಉತ್ತರವೂ ಹೊಳೆಯಿತು. ನನ್ನ ಕ್ಯಾಮೆರಾದ ಕಿಂಡಿಯಲ್ಲಿ ಚಿತ್ರದ ನೂರರಲ್ಲಿ ತೊಂಬತ್ತೆರಡು ಪಾಲು ಮಾತ್ರ ಕಾಣುತ್ತದೆ. ಪ್ರತಿ ವರ್ಷ ಕ್ಲಬ್ಬಿನ ಹೊಸಬರಿಗೆ ಇದನ್ನು ಹೇಳಿಕೊಡುವವನೇ ನಾನು. ಎಮ್ಮೆ ನಿಂತಿದ್ದು ಉಳಿದ ಎಂಟು ಪಾಲಿನಲ್ಲಿ. ಹೆದರಿಕೆ ಇಷ್ಟು ಸರಳವಾದ ಲೆಕ್ಕವನ್ನು ಐದು ದಿನ ಮುಚ್ಚಿಟ್ಟಿತ್ತು. ಕಾರಿಡಾರಿನಲ್ಲಿ ನಾನೊಬ್ಬನೇ ಗಟ್ಟಿಯಾಗಿ ನಕ್ಕೆ. ನರ್ಸೊಬ್ಬರು ತಿರುಗಿ ನೋಡಿದರು.

“ಪೊರೆಯಂತೆ. ಬರೀ ಪೊರೆ,” ಎಂದಳು ಝೀಟಾ, ಬೆಂಚಿನ ಹತ್ತಿರ ಬಂದು. ಹೇಳುತ್ತಿದ್ದಂತೆಯೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಟೀನಾ ಅವಳನ್ನು ತಬ್ಬಿಕೊಂಡಳು. ಪಾಸ್ಕಲ ಶಿಲುಬೆಯ ಗುರುತು ಮಾಡಿಕೊಂಡು, ಕೂತಲ್ಲೇ ದೊಡ್ಡದೊಂದು ಉಸಿರು ಬಿಟ್ಟ.

ಹೊರಗೆ ಮರದ ಕೆಳಗಿನ ಕಟ್ಟೆಯ ಮೇಲೆ ಕೂತೆವು. ಪಾಪೆ ಹಿಗ್ಗಿದ್ದರಿಂದ ಅಂಗಳವೆಲ್ಲ ಬಿಳಿ ಬೆಳಕಿನಲ್ಲಿ ತೇಲುತ್ತಿತ್ತು, ಹತ್ತಿರದ್ದು ಏನೂ ಓದಲಾಗುತ್ತಿರಲಿಲ್ಲ. ಝೀಟಾ ಚೀಲದಿಂದ ಕ್ಲಬ್ಬಿನ ಅರ್ಜಿ ತೆಗೆದಳು. ಹಾದಿಯಲ್ಲಿ ಬನ್ನಂಜೆಗೆ ಕೊಟ್ಟು ಹೋಗೋಣ ಎಂದು ಅವಳೇ ತಂದಿದ್ದಳು.

“ಯಾವ ವಿಭಾಗ ಬರೆಯಲಿ?”

“ಕಪ್ಪು-ಬಿಳುಪು.”

“ಈಗಲೂ ಅದೇ ಹಟವಾ?”

“ಹಟ ಅಲ್ಲ. ಬಣ್ಣ ಸರಿಯಾಗಿದೆಯೋ ಇಲ್ಲವೋ ಅಂತ ಈಗ ನನಗೆ ಹೇಳಲಿಕ್ಕೆ ಆಗುವುದಿಲ್ಲ. ಬೂದು ಗೊತ್ತಾಗುತ್ತದೆ. ಆ ಹದಿನಾಲ್ಕರಲ್ಲಿ ಆರು ಚೆನ್ನಾಗಿಯೇ ಬಂದಿವೆ. ಮುಂದಿನ ವರ್ಷ ಬಣ್ಣ.”

“ಕಾರಣ ಬರೆಯುವ ಜಾಗ ಸಹ ಉಂಟು ಇಲ್ಲಿ.”

“ಪೊರೆ ಅಂತ ಬರಿ. ಕಿಟ್ಟನ ತಮಾಷೆಗೆ ಇನ್ನು ಒಂದು ವರ್ಷ ಅದೇ ಸಾಕು.”

ಅವಳು ನಗುತ್ತಾ ಬರೆದಳು, ಕಾರಣದ ಜಾಗವನ್ನು ಮಾತ್ರ ಖಾಲಿ ಬಿಟ್ಟಳು. ಪಾಸ್ಕಲ ಇಷ್ಟು ಹೊತ್ತು ಕೋಲಿನ ಮೇಲೆ ಗದ್ದ ಊರಿ ಕೇಳುತ್ತಿದ್ದ.

“ಎಲ್ಲ ಸರಿ. ಎಷ್ಟು ಅಂತ ಯಾರೂ ಹೇಳಲಿಲ್ಲ ನನಗೆ,” ಎಂದ.

“ನಾರ್ಮಲ್ ಅಂತ ಡಾಕ್ಟರು ಹೇಳಿದರಲ್ಲ.”

“ನಾರ್ಮಲ್ ಬೇಡ. ನನಗೆ ನಲವತ್ತನಾಲ್ಕು ಅಂದಿದ್ದರು. ನಿನ್ನದು ಎಷ್ಟು?”

ಕಾರ್ಡನ್ನು ಮುಖದ ಹತ್ತಿರ ಹಿಡಿದೆ, ದೂರ ಹಿಡಿದೆ. ಅಕ್ಷರಗಳು ನೀರಿನಲ್ಲಿ ಅಲುಗಿದಂತೆ ಅಲುಗಿದವು. ಟೀನಾ ನನ್ನ ಕೈಯಿಂದ ಕಾರ್ಡು ತೆಗೆದುಕೊಂಡು, ಅಪ್ಪನ ಕಿವಿಗೆ ಸರಿಯಾಗಿ ಕೇಳುವಂತೆ ನಿಧಾನವಾಗಿ ಓದಿದಳು:

“ಬಲಗಣ್ಣು 16. ಎಡಗಣ್ಣು 15.”